ಊಟದ ಡಬ್ಬಿ ತೆರೆಯುವ ಮುನ್ನ ಮಕ್ಕಳ ಕೈ ತೊಳೆಸುವ ಬಗೆ

ಮುಂಬಯಿಯ ನಮ್ಮ ಕನ್ನಡ ಶಾಲೆಯಲ್ಲಿ ಮಳೆ ಹಿಡಿಯಿತೆಂದರೆ ಒಂದನೆಯ, ಎರಡನೆಯ ತರಗತಿಗಳ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚುತ್ತವೆ. ನೆಗಡಿ, ಜ್ವರಗಳು ಗಾಳಿಯ ಮೂಲಕವೂ ಹರಡುವುದರಿಂದ ಕೈ ತೊಳೆದ ಮಾತ್ರಕ್ಕೆ ಅವು ಪೂರ್ತಿ ನಿಲ್ಲುವುದಿಲ್ಲ. ಆದರೆ ವಾಂತಿಭೇದಿಯ ಮಟ್ಟಿಗೆ ಲಾಭ ದೊಡ್ಡದು: ಶಾಲೆ ಮತ್ತು ಶಿಶುವಿಹಾರಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೈ ತೊಳೆಯುವುದನ್ನು ರೂಢಿ ಮಾಡಿಸಿದ ಕಡೆ ಭೇದಿಯ ಪ್ರಕರಣಗಳು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿದ್ದವು.

ಮೊದಲು ಸಾಬೂನು ಮಗುವಿನ ಕೈಗೆಟಕುವಂತಿರಬೇಕು. ಹಳೆಯ ಕಾಲುಚೀಲದಲ್ಲಿ ಸಾಬೂನನ್ನು ಹಾಕಿ, ಗಂಟು ಕಟ್ಟಿ, ನಲ್ಲಿಗೇ ನೇತುಹಾಕಿದರೆ ಅದು ಮೋರಿಗೆ ಜಾರುವುದಿಲ್ಲ, ಯಾರ ಜೇಬಿಗೂ ಸೇರುವುದಿಲ್ಲ. ಚಾಳಿನ ಮನೆಗಳಲ್ಲಿ ಬೆಳಗ್ಗೆ ಹಿಡಿದಿಟ್ಟ ಡ್ರಮ್ಮಿನ ನೀರೇ ದಿನವಿಡೀ ಬಳಕೆಯಾಗುವುದರಿಂದ, ಮಗು ಅದರೊಳಗೆ ಕೈ ಅದ್ದದಂತೆ ದೊಡ್ಡವರೇ ತಂಬಿಗೆಯಿಂದ ನೀರು ಹೊಯ್ಯಬೇಕು.

ಕೈ ಒದ್ದೆ ಮಾಡಿ, ಸಾಬೂನು ಹಚ್ಚಿ, ಕನಿಷ್ಠ 20 ಸೆಕೆಂಡು ಉಜ್ಜಬೇಕು. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಲು ಹೇಳಿದರೆ ಮಗ್ಗಿಯ ಮಕ್ಕಳಿಗೆ ಅದೇ ಆಟವಾಗುತ್ತದೆ. ಮಕ್ಕಳು ಅಂಗೈಗಳನ್ನಷ್ಟೇ ತಿಕ್ಕಿ ಓಡುತ್ತಾರೆ. ಹೆಬ್ಬೆರಳು, ಬೆರಳ ಸಂದು, ಉಗುರಿನಡಿ ಹಾಗೆಯೇ ಉಳಿಯುತ್ತವೆ. ಬೆರಳ ತುದಿಗಳನ್ನು ಇನ್ನೊಂದು ಅಂಗೈಯ ಮೇಲೆ ಗೀರಿಸಿ ನೋಡಿ, ಬೆಳ್ಳಗಿದ್ದ ನೊರೆ ಬೂದುಬಣ್ಣಕ್ಕೆ ತಿರುಗುತ್ತದೆ. ಆ ನೊರೆಯನ್ನು ಮಗುವಿಗೇ ತೋರಿಸುವುದು ಯಾವ ಉಪದೇಶಕ್ಕಿಂತಲೂ ಮೇಲು. ತೊಳೆದ ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಳ್ಳದಂತೆ ಪ್ರತಿ ಮಗುವಿಗೂ ಒಂದು ಸ್ವಂತ ಕರವಸ್ತ್ರ ಕೊಟ್ಟು ಕಳುಹಿಸಿ.

ಸ್ಯಾನಿಟೈಜರ್ ಸಾಕಲ್ಲವೇ ಎಂದು ಪಾಲಕರು ಕೇಳುತ್ತಾರೆ. ನ್ಯೂಜಿಲೆಂಡಿನ 68 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಲ್ಲ ಮಕ್ಕಳಿಗೂ ಕೈ ಶುಚಿತ್ವದ ಪಾಠ ಹೇಳಿ, ಅರ್ಧದಷ್ಟು ಶಾಲೆಗಳ ತರಗತಿಗಳಲ್ಲಿ ಸ್ಯಾನಿಟೈಜರ್ ಕೂಡ ಇಡಲಾಗಿತ್ತು. ಕಾಯಿಲೆಯ ಗೈರುಹಾಜರಿ ಅದರಿಂದ ಮತ್ತಷ್ಟು ತಗ್ಗಲಿಲ್ಲ. ವಾಂತಿಭೇದಿ ತರುವ ನೊರೊವೈರಸ್ಸಿನ ಮೇಲೆ ಅದರ ಪರಿಣಾಮ ಕಡಿಮೆ, ಮಣ್ಣು ಮೆತ್ತಿದ ಕೈಗೂ ಅದು ಒದಗದು. ಹಾಗಾಗಿ ಶಾಲೆಯ ಹಣವನ್ನು ನಲ್ಲಿಗೂ ಸಾಬೂನಿಗೂ ಖರ್ಚು ಮಾಡುವುದೇ ಲೇಸೆಂದು ನನ್ನ ದೃಢ ಅಭಿಪ್ರಾಯ. ಶಿಕ್ಷಕರು ಊಟದ ಗಂಟೆಯನ್ನು ಹತ್ತು ನಿಮಿಷ ಮೊದಲೇ ಬಾರಿಸಿ, ಸಾಲಿನ ಕೊನೆಯ ಮಗುವಿಗೂ ತೊಳೆಯಲು ಸಮಯ ಸಿಗುವಂತೆ ನೋಡಿಕೊಳ್ಳಬೇಕು.

ಇಬ್ಬರೂ ದುಡಿಯುವ ಮನೆಯಲ್ಲಿ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವ ಕಷ್ಟ ನನಗೆ ಗೊತ್ತು. ಆದರೂ ಜ್ವರದ ಔಷಧ ಕುಡಿಸಿ ಶಾಲೆಗೆ ಕಳುಹಿಸಬೇಡಿ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿರಲಿ, ವಾಂತಿಭೇದಿ ನಿಂತು 48 ಗಂಟೆ ಕಳೆಯಲಿ. ರಜಾ ಚೀಟಿಯಲ್ಲಿ ‘ಹುಷಾರಿಲ್ಲ’ ಎಂದಷ್ಟೇ ಬರೆಯದೆ ಕಾಯಿಲೆ ಏನೆಂದು ಬರೆದರೆ, ಒಂದೇ ಬೆಂಚಿನ ಮೂವರಿಗೆ ಭೇದಿಯಾದದ್ದು ಶಿಕ್ಷಕರಿಗೆ ಆ ವಾರವೇ ತಿಳಿಯುತ್ತದೆ.