ಬಿಡಿ ಟ್ರಾನ್ಸಿಸ್ಟರ್‌ಗಳ ಮೈಕ್ ಪ್ರೀಆಂಪ್: ಕೊನೆಗೂ ಹಿಸ್ ಇಳಿಯಿತು

ಮಡಿಕೇರಿಯಲ್ಲಿ ಸೌಂಡ್ ಸೆಟ್ ಬಾಡಿಗೆಗೆ ಕೊಡುವ ಗೆಳೆಯರದ್ದು ಒಂದೇ ಮಾತು: "ಈ ಕಾಲದಲ್ಲಿ ಟ್ರಾನ್ಸಿಸ್ಟರ್ ಬೆಸುಗೆ ಹಾಕ್ಕೊಂಡು ಯಾರು ಕೂರ್ತಾರೆ ಮಾರಾಯ್ರೆ, ಸುಮ್ನೆ ಒಂದು ಐಸಿ ಹಾಕಿ." ಅವರಲ್ಲೇ ಇಬ್ಬರು ಈಗ ನಮಗೂ ಒಂದು ಮಾಡಿಕೊಡಿ ಅಂತಿದ್ದಾರೆ!

ದುಡಿ ಬಡಿದು ಹಾಡುವವರನ್ನು ರೆಕಾರ್ಡ್ ಮಾಡಲು ಯಾವ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಸರ್ಕ್ಯೂಟ್) ಆದರೂ ಸಾಕು. ನನಗೆ ಬೇಕಿದ್ದದ್ದು ಹೂಮಳೆ ಬಿದ್ದ ಮೇಲೆ ಕಾಫಿ ಹೂವಿಗೆ ಮುತ್ತುವ ಜೇನಿನ ಗುಂಯ್ ಸದ್ದು. ಡೈನಾಮಿಕ್ ಮೈಕ್ ಹಿಡಿದು ಗೇನ್ ಪೂರ್ತಿ ತಿರುಗಿಸಿದರೆ ಜೇನಿಗಿಂತ ಹಿಸ್ಸೇ (ಸರ್ಕ್ಯೂಟಿನದ್ದೇ ಸುಸ್ಸ್ ಸದ್ದು) ಜಾಸ್ತಿ.

ಸರ್ಕ್ಯೂಟ್ ನಿಮಗೆಲ್ಲ ಗೊತ್ತಿರುವುದೇ. ಮುಂದೆ ಎರಡು ಪಿಎನ್‌ಪಿ ಟ್ರಾನ್ಸಿಸ್ಟರ್, ಎಮಿಟರ್‌ಗಳ ನಡುವೆ ಗೇನ್ ರೆಸಿಸ್ಟರ್, ಹಿಂದೆ ಎನ್‌ಇ 5534 ಅನ್ನೋ ಆಪ್ ಆಂಪ್ ಐಸಿ. ದುಡ್ಡು ಹೋಗಿದ್ದು ಟ್ರಾನ್ಸಿಸ್ಟರ್‌ಗೆ. ಈಗ ತಯಾರಾಗದ ಹಳೇ ಲೋ ನಾಯ್ಸ್ ಜಾತಿಯವನ್ನು ಬೆಂಗಳೂರಿನಿಂದ ತರಿಸಿದೆ, ಸುಮಾರು 1,800 ರೂಪಾಯಿ. ತಿನ್ನರ್ ಹಚ್ಚಿ ಉಜ್ಜಿದರೆ ಮೇಲಿನ ನಂಬರ್ ಅಳಿಸಿ ಕೆಳಗೆ ಇನ್ನೊಂದು ನಂಬರ್ ಕಾಣಿಸಿತು. ಎಲ್ಲಾ ನಕಲಿ. ಕೊನೆಗೆ ಹಾಕಿದ್ದು ಹತ್ತು ರೂಪಾಯಿ ಆಸುಪಾಸಿನ ಬಿ.ಡಿ.140. ಪವರ್ ಆಂಪ್ ಡ್ರೈವರ್ ಅಂತ ಎಲ್ಲರೂ ನಕ್ಕರು. ಆದರೆ ಅದರ ಚಿಪ್ ದೊಡ್ಡದು, ಬೇಸ್ ಕಾಲಿನ ಒಳಗಿನ ರೆಸಿಸ್ಟೆನ್ಸ್ ಕಡಿಮೆ, ಹಾಗಾಗಿ ಹಿಸ್ಸೂ ಕಡಿಮೆ. 200 ಓಮ್ ಮೈಕಿಗೆ ಬೇಕಾದದ್ದು ಅದೇ ಅಲ್ವಾ? ಒಂದೊಂದಕ್ಕೆ ಒಂದೂವರೆ ಮಿಲಿಆಂಪ್ ಬಿಟ್ಟಿದ್ದೇನೆ. ಜೋಡಿ ಹೇಗೆ ಆರಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಗೇನ್ ರೆಸಿಸ್ಟರ್ 100 ಓಮ್ ಇದ್ದಾಗ ಅದರದ್ದೇ ಹಿಸ್ ಕೇಳುತ್ತಿತ್ತು. 10 ಓಮ್‌ಗೆ ಇಳಿಸಿದೆ. ಆಗ ಅದರ ಜೊತೆ ಸರಣಿಯಲ್ಲಿರುವ ಕೆಪಾಸಿಟರ್ 100 ಮೈಕ್ರೋಫ್ಯಾರಡ್ ಇದ್ದರೆ ತಗ್ಗು ಸ್ವರದ ಸದ್ದೆಲ್ಲಾ ಮಾಯ. 2,200 ಹಾಕಿದ ಮೇಲೆ ದುಡಿಯ ಗುಡುಗು ವಾಪಸ್ ಬಂತು.

ಪರೀಕ್ಷೆ ಹೀಗೆ. ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್ಲಿನ ಮೂರು ಪಿನ್ನಿನ) ಪ್ಲಗ್ಗಿನ 2, 3ನೇ ಪಿನ್ ನಡುವೆ 150 ಓಮ್ ಬೆಸುಗೆ ಹಾಕಿ ಹಿಸ್ ರೆಕಾರ್ಡ್ ಮಾಡಿ, ಆಮೇಲೆ ಅದನ್ನೇ ಶಾರ್ಟ್ ಮಾಡಿ ನೋಡಿ. ಬರೀ 5534ರಲ್ಲಿ ವ್ಯತ್ಯಾಸವೇ ಕಾಣಿಸಲಿಲ್ಲ. ನನ್ನ ಪ್ರೀಆಂಪಿನಲ್ಲಿ ನಾಲ್ಕು ಡೆಸಿಬೆಲ್ ಹತ್ತಿರ ಇಳಿಯಿತು. ಅಂದರೆ ಈಗ ಪ್ರೀಆಂಪ್‌ಗಿಂತ ಆ ರೆಸಿಸ್ಟರ್‌ದೇ ಹಿಸ್ ಜಾಸ್ತಿ.

ಮಧ್ಯದಲ್ಲಿ ಒಂದೊಂದು ಕಡೆಗೆ ಮೂರು ಟ್ರಾನ್ಸಿಸ್ಟರ್ ಪ್ಯಾರಲಲ್ ಹಾಕಿಯೂ ನೋಡಿದೆ. ಕಿವಿಗೆ ಏನೂ ಗೊತ್ತಾಗಲಿಲ್ಲ, ಬೋರ್ಡ್ ಬಿಸಿಯಾಯಿತು ಅಷ್ಟೇ.

ಕಕ್ಕಡ ತಿಂಗಳ ಮಳೆ ಹಿಡಿದಾಗ ಚಟಪಟ ಸದ್ದು ಶುರು. ಟ್ರಾನ್ಸಿಸ್ಟರ್ ಹೋಯಿತು ಅಂದರು ಎಲ್ಲರೂ. ನೋಡಿದರೆ ಬೆಸುಗೆಯ ಪಕ್ಕ ಉಳಿದಿದ್ದ ಅಂಟಂಟು ಫ್ಲಕ್ಸ್ ತೇವ ಎಳೆದುಕೊಂಡಿತ್ತು. ಹಳೇ ಟೂತ್‌ಬ್ರಶ್‌ನಲ್ಲಿ ಐಸೊಪ್ರೊಪೈಲ್ ಹಾಕಿ ತಿಕ್ಕಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ವಾರ್ನಿಶ್ ಬಳಿದೆ. ಮತ್ತೆ ಸದ್ದಿಲ್ಲ. ನಮ್ಮ ಕಡೆ ಬೋರ್ಡ್ ಮಾಡುವವರು ಇದನ್ನು ಬಿಡಲೇಬೇಡಿ.

ನಕಲಿ ಮಾಲಿನ ದುಡ್ಡು ಬಿಟ್ಟರೆ ಒಂದು ಚಾನೆಲ್‌ಗೆ ಸುಮಾರು 900 ರೂಪಾಯಿ ಆಯಿತು. ಅದರಲ್ಲಿ ಅರ್ಧ ಸಾಕೆಟ್, ಸ್ವಿಚ್‌ಗೇ. ಎರಡು 9 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ, ಹಾಗಾಗಿ ಕರೆಂಟು ಹೋದರೂ ತಲೆಬಿಸಿ ಇಲ್ಲ. ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಕೊಡುವ ಕರೆಂಟು) ಇನ್ನೂ ಹಾಕಿಲ್ಲ. ಅದಕ್ಕೆ ಬೇಕಾದ 6.8 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸರಿಯಾಗಿ ಜೋಡಿಸಿ ಇಟ್ಟಾಗಿದೆ, ಮುಂದಿನ ಹೂಮಳೆಯೊಳಗೆ ಮುಗಿಸಬೇಕು.