ಬಾಂದು ಕಲ್ಲಿನಿಂದ ಕೃಷಿ ಹೊಂಡದವರೆಗೆ: ಚಿತ್ರದುರ್ಗದ ಕಡೆ ಸ್ವಂತ ನೆಲ ಕಟ್ಟಿಕೊಂಡ ಕ್ರಮ

ಇಪ್ಪತ್ತು ಚೈನ್ ಉದ್ದದ ಬದು. ಪಕ್ಕದ ಹೊಲದ ಟ್ರ್ಯಾಕ್ಟರ್ ಒಂದೇ ಒಂದು ಆಣೆ ಒಳಗೆ ಸರಿದರೆ ಎಷ್ಟು ನೆಲ ಹೋಯಿತು? ನಮ್ಮ ಸರ್ವೆ ಲೆಕ್ಕದಲ್ಲಿ ಒಂದು ಚೈನ್ ಅಂದರೆ 33 ಅಡಿ, ಚೈನಿಗೆ 16 ಆಣೆ, ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. ಹಾಗಾದರೆ ಹೋಗಿದ್ದು 1 ಗುಂಟೆ 4 ಆಣೆ, ಅಂದರೆ 1,361 ಚದರ ಅಡಿ. 30×40 ಸೈಟು 1,200 ಚದರ ಅಡಿ ಮಾತ್ರ. ಒಂದು ಸೈಟಿಗಿಂತ ಹೆಚ್ಚಿನ ನೆಲ ನಾಲ್ಕಾರು ಮುಂಗಾರಿನಲ್ಲಿ ಒಂದು ಮಾತಿನ ಜಗಳವೂ ಇಲ್ಲದೆ ಸವೆದು ಹೋಗುತ್ತದೆ. 12 ವರ್ಷ ಯಾರೂ ಕೇಳದಿದ್ದರೆ ‘ಇಷ್ಟು ವರ್ಷ ನಾನೇ ಅನುಭವಿಸಿದೆ, ನೆಲ ನನ್ನದೇ’ ಅನ್ನುವ ಪ್ರತಿಕೂಲ ಸ್ವಾಧೀನದ ವಾದ ಹೂಡುವುದಕ್ಕೂ ದಾರಿಯಾಗುತ್ತದೆ.

ನೋಂದಣಿ ಆದ ದಿನ ಒಡೆಯನಾದೆ ಅಂದುಕೊಳ್ಳುವವರು ಬಹಳ. ನನ್ನ ಲೆಕ್ಕದಲ್ಲಿ ಕಾಗದ, ಗಡಿ, ನೀರು, ಸಾಲವಿಲ್ಲದ ಕೈ, ಈ ನಾಲ್ಕೂ ಸೇರಿದರೆ ಒಡೆತನ. ಒಂದು ತಪ್ಪಿದರೂ ನೆಲ ನಮ್ಮದಲ್ಲ, ನಾವು ಅದರ ಕಾವಲುಗಾರರು ಅಷ್ಟೆ.

ಇದರಲ್ಲಿ ರಾಜಕೀಯವೂ ಇದೆ, ಮುಚ್ಚಿಡುವುದಿಲ್ಲ. ಆಸ್ತಿಯ ಹಕ್ಕು ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿತು. 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದಾಗ ಸಾಮೂಹಿಕ ಬೇಸಾಯದ ಯೋಚನೆಗೆ, ಪರ್ಮಿಟ್-ಲೈಸೆನ್ಸ್ ರಾಜ್ಯಭಾರಕ್ಕೆ ಎದುರು ನಿಂತಿದ್ದು ಸಣ್ಣ ಹಿಡುವಳಿದಾರನ ಪರವಾಗಿ. ನಾನು ಆ ಪಂಥದವನು. ಕುಟುಂಬದ ಕೈಯಲ್ಲಿ ನೆಲ ಇದ್ದರೆ ಆ ಕುಟುಂಬ ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಿಲ್ಲ. ಉಳುವವನಿಗೆ ನೆಲ ಕೊಟ್ಟ 1974ರ ಭೂಸುಧಾರಣೆಯನ್ನು ನಾನು ವಿರೋಧಿಸುವುದಿಲ್ಲ, ಯಾಕೆಂದರೆ ಅದೂ ಕೊನೆಗೆ ಮಾಡಿದ್ದು ಗೇಣಿದಾರನನ್ನು ಒಡೆಯನನ್ನಾಗಿ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಪೇಟೆಯ ಹಣ ಹಳ್ಳಿಗೆ ಬಂದಿದೆ. ಹಾಗಾಗಿ ಸಣ್ಣವನು ಮೊದಲಿಗಿಂತ ಹೆಚ್ಚು ಲೆಕ್ಕ ಕಲಿಯಬೇಕು.

ಮೊದಲ ಲೆಕ್ಕ, ಸಾಲ ಮಾಡಿ ಜಮೀನು ಕೊಳ್ಳಬಾರದು. ಎಕರೆ 10 ಲಕ್ಷ ಅಂತಿಟ್ಟುಕೊಳ್ಳಿ, ಮಳೆಯಾಶ್ರಿತ ಹೊಲ, ಗುತ್ತಿಗೆಗೆ ಕೊಟ್ಟರೆ ವರ್ಷಕ್ಕೆ 8,000 ಬರುತ್ತದೆ. ಶೇ 1 ಕೂಡ ಆಗಲಿಲ್ಲ. ಅದೇ 10 ಲಕ್ಷವನ್ನು ಶೇ 10ರ ಬಡ್ಡಿಗೆ 10 ವರ್ಷಕ್ಕೆ ತಂದರೆ ತಿಂಗಳ ಕಂತು 13,215. ವರ್ಷದ ಗುತ್ತಿಗೆ ಒಂದು ತಿಂಗಳ ಕಂತಿಗೂ ಸಾಲದು. ಕೈಸಾಲವಾದರೆ ಮಾತೇ ಬೇಡ, ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 24. ನಾನು ಇಟ್ಟುಕೊಂಡ ನಿಯಮ: ಖರೀದಿ ಹಣ ಪೂರ್ತಿ ಸ್ವಂತದ್ದು, ಅದರ ಜೊತೆ ನೋಂದಣಿ ಖರ್ಚು, ಮನೆಯ ಆರು ತಿಂಗಳ ಖರ್ಚು, ಹೊಂಡ-ಬೇಲಿಗೆ ಬೇಕಾದ ಹಣ ಪಕ್ಕಕ್ಕೆ. ಅಷ್ಟು ಇಲ್ಲದಿದ್ದರೆ ಐದು ಎಕರೆಯ ಆಸೆ ಬಿಟ್ಟು ಎರಡು ಎಕರೆ.

ನೋಂದಣಿ ಖರ್ಚು ಕಡಿಮೆ ಅಂದುಕೊಳ್ಳಬೇಡಿ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಗ್ರಾಮೀಣ ಭಾಗದಲ್ಲಿ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 10 ಲಕ್ಷಕ್ಕೆ 76,500. ಇದನ್ನು ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ಚಾಳಿ ನಮ್ಮ ಕಡೆ ಇದೆ. ನಾನು ಪೂರ್ತಿ ಬೆಲೆ ಬರೆಸುತ್ತೇನೆ. ಅದು ಧರ್ಮವೂ ಹೌದು, ಲಾಭವೂ ಹೌದು. ಭದ್ರಾ ಮೇಲ್ದಂಡೆ ಕಾಲುವೆ, ತುಮಕೂರು-ದಾವಣಗೆರೆ ರೈಲು ಮಾರ್ಗ ಹಾದು ಹೋಗುವ ಜಿಲ್ಲೆ ಇದು. ಭೂಸ್ವಾಧೀನದ ಪರಿಹಾರ ನಿಗದಿ ಮಾಡುವಾಗ ಆ ಭಾಗದ ಕ್ರಯಪತ್ರಗಳಲ್ಲಿ ನಮೂದಾದ ಬೆಲೆಗಳನ್ನೇ ನೋಡುತ್ತಾರೆ. ಊರಿನವರೆಲ್ಲ ಕಡಿಮೆ ಬರೆಸಿದ್ದರೆ ಊರಿಗೆಲ್ಲ ಕಡಿಮೆ ಪರಿಹಾರ. ಅಡ್ವಾನ್ಸ್ ಕೂಡ ಬ್ಯಾಂಕ್ ಮೂಲಕವೇ ಕೊಡಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಆದಾಯ ತೆರಿಗೆ ಕಾನೂನಿಗೆ ವಿರುದ್ಧ.

ಕಾಗದದ ವಿಚಾರದಲ್ಲಿ ಆತುರ ಪಡುವವನು ಕೆಡುತ್ತಾನೆ. ಜಮೀನಿನ ಹಕ್ಕು ದಾಖಲೆಯಾದ ಪಹಣಿ ಕೈಗೆ ಬಂದ ಕೂಡಲೇ ಎಲ್ಲರೂ 9ನೇ ಕಾಲಂನಲ್ಲಿ ಹೆಸರು ನೋಡುತ್ತಾರೆ. ನೋಡಬೇಕಾದ್ದು 3, 10, 11. ಮೂರರಲ್ಲಿ ಖರಾಬು ಎಷ್ಟಿದೆ ಅಂತ. ಎ ಖರಾಬು ಹಿಡುವಳಿಗೆ ಸೇರಿದ ಉಳಲಾಗದ ನೆಲ. ಬಿ ಖರಾಬು ದಾರಿ, ಹಳ್ಳ, ಕೆರೆಗೆ ಬಿಟ್ಟದ್ದು, ಅದು ಸರ್ಕಾರದ್ದು, ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ. 10ರಲ್ಲಿ ಆ ಹೆಸರು ಹೇಗೆ ಬಂತು ಅನ್ನುವ ಎಂ.ಆರ್. (ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ) ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಹಿಂದಕ್ಕೆ ಹೋಗುತ್ತಾ ಮೂಲ ಮುಟ್ಟುವವರೆಗೆ ಪ್ರತಿಯೊಂದು ಎಂ.ಆರ್. ನಕಲು ತೆಗೆಸಬೇಕು. 11ರಲ್ಲಿ ಬ್ಯಾಂಕ್ ಸಾಲದ ಬೋಜಾ, ಕೋರ್ಟ್ ತಡೆ. ಗಾಳಿಯಂತ್ರ, ಸೋಲಾರ್ ಕಂಪನಿಗಳ ದೀರ್ಘ ಗುತ್ತಿಗೆ ನೋಂದಣಿ ಆಗಿದ್ದರೆ ಅದು ಇ.ಸಿ.ಯಲ್ಲಿ (ಋಣಭಾರ ಪತ್ರ) ಸಿಗುತ್ತದೆ, ಪಹಣಿ, ಇ.ಸಿ. ಎರಡನ್ನೂ ಜೋಡಿಸಿ ಓದಿ. ಇ.ಸಿ. ಆನ್‌ಲೈನ್‌ನಲ್ಲಿ 2004ರಿಂದ ಈಚಿನದು ಮಾತ್ರ ಸುಲಭವಾಗಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟೇ ತೆಗೆಸಬೇಕು, ಕನಿಷ್ಠ 30 ವರ್ಷದ್ದು.

ಚಿತ್ರದುರ್ಗ ಜಿಲ್ಲೆಯಲ್ಲಿ ಎಂ.ಆರ್. ಹಿಂದಕ್ಕೆ ಹೋದರೆ ಬಹಳ ಕಡೆ ‘ಮಂಜೂರಾತಿ’ ಅನ್ನುವ ಪದ ಸಿಗುತ್ತದೆ. ಅಲ್ಲಿ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ನೆಲವಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಅನೂರ್ಜಿತ. 2023ರ ತಿದ್ದುಪಡಿ ಆದ ಮೇಲೆ ಆ ನೆಲ ವಾಪಸ್ ಕೇಳುವುದಕ್ಕೆ ಕಾಲಮಿತಿಯೂ ಇಲ್ಲ. ಬಡವನ ನೆಲ ಬಡವನಿಗೇ ಉಳಿಯಲಿ ಅಂತ ಮಾಡಿದ ಕಾನೂನು ಅದು. ಅದನ್ನು ಸುತ್ತಿ ಬಳಸಿ ಕೊಂಡ ನೆಲ ನನಗೆ ಬೇಡ, ನಿಮಗೂ ದಕ್ಕದು. ಬಗರ್ ಹುಕುಂ ನೆಲವಾದರೆ (ಅನುಮತಿ ಇಲ್ಲದೆ ಉಳುತ್ತಿದ್ದವರಿಗೆ ಸಕ್ರಮ ಮಾಡಿಕೊಟ್ಟ ಸರ್ಕಾರಿ ನೆಲ) ಅರ್ಜಿ ನಮೂನೆ 50, 53, 57 ಇವುಗಳಲ್ಲಿ ಯಾವುದು, ಪರಭಾರೆ (ಮಾರಾಟ) ನಿಷೇಧದ ಅವಧಿ ಮುಗಿದಿದೆಯೇ ಅಂತ ಮಂಜೂರಾತಿ ಆದೇಶದಲ್ಲೇ ಓದಬೇಕು. ಭೂಸುಧಾರಣೆಯಲ್ಲಿ ಗೇಣಿದಾರ ಅರ್ಜಿ ಹಾಕಿ ಪಡೆದ ಫಾರಂ 7ರ ನೆಲಕ್ಕೆ 15 ವರ್ಷದ ನಿಷೇಧ ಇತ್ತು. ಆ ಅವಧಿಯೊಳಗೆ ಮಾರಿದ್ದರೆ ಆಮೇಲೆ ಎಷ್ಟು ಕೈ ಬದಲಾಗಿದ್ದರೂ ಬೇರು ಕೊಳೆತಿದೆ. ಅಮೃತ ಮಹಲ್ ಕಾವಲಿನ (ಸರ್ಕಾರದ ಹುಲ್ಲುಗಾವಲು) ಅಂಚಿನ ಸರ್ವೆ ನಂಬರ್ ಅಂದರೆ ಇನ್ನೂ ಎರಡು ಪಟ್ಟು ಎಚ್ಚರ ಬೇಕು.

ಪಿತ್ರಾರ್ಜಿತ ನೆಲಕ್ಕೆ ಹೆಣ್ಣುಮಕ್ಕಳ ಸಹಿ ಬೇಕೇ ಬೇಕು. ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು, ಮೂರೂ ಒಂದೇ ದಿಕ್ಕಿಗಿವೆ. ‘ಅಕ್ಕಂದಿರು ಏನೂ ಕೇಳಲ್ಲ ಬಿಡಿ ಸಾರ್’ ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಊರಿನ ಹಿರಿಯರನ್ನು ಕೇಳಿ ವಂಶವೃಕ್ಷ ತಾಳೆ ನೋಡಿ, ಎಲ್ಲರನ್ನೂ ಕರೆಸಿ. ಜಿಪಿಎ (ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಅಂದರೂ ಬೇಡ. ಜಿಪಿಎಯಿಂದ ಹಕ್ಕು ವರ್ಗ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಸರ್ವೆ ನಂಬರಿನಲ್ಲಿ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಮಾಡಿದ 11ಇ ನಕ್ಷೆ ಇಲ್ಲದೆ ನೋಂದಣಿ ಆಗದು. ಬಹಳ ಸಲ ಇಲ್ಲೇ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ, ಕಾರಣ ಪಹಣಿಯ ವಿಸ್ತೀರ್ಣಕ್ಕೂ ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದಿಗೂ ತಾಳೆ ಇರುವುದಿಲ್ಲ. ಅದನ್ನು ಮಾರುವವರೇ ಸರಿಪಡಿಸಿಕೊಡಬೇಕು ಅಂತ ಕರಾರಿನಲ್ಲೇ ಬರೆಸಿ.

ನೋಂದಣಿ ಆಗಿ ಪಹಣಿಗೆ ಹೆಸರು ಬಂದ ಕೂಡಲೇ ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಬಂದು ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅದರ ಜೊತೆಗೆ ನೀವೇ ಮನೆಗೆ ಹೋಗಿ ಕರೆಯಿರಿ. ನೋಟಿಸ್ ಮಾತ್ರ ಹೋದರೆ ಮನಸ್ಸು ಮುರಿಯುತ್ತದೆ. ‘ಅಣ್ಣಾರೆ, ನೀವೂ ನಿಂತ್ಕೊಳ್ಳಿ, ಕಲ್ಲು ಇಬ್ಬರದೂ ಗಟ್ಟಿ ಆಗ್ಲಿ’ ಅಂದರೆ ಬರುತ್ತಾರೆ. ಕಲ್ಲು ಮೂರೂವರೆ ಅಡಿ ಉದ್ದದ್ದಿರಲಿ, ಎರಡು ಅಡಿ ನೆಲದೊಳಗೆ. ಕಲ್ಲಿನ ಬುಡಕ್ಕೆ ಒಂದು ಬುಟ್ಟಿ ಇದ್ದಿಲು ಹಾಕಿ ಮುಚ್ಚುತ್ತೇನೆ. ಯಾರಾದರೂ ಕಲ್ಲು ಕಿತ್ತರೂ ಇದ್ದಿಲು ಕರಗುವುದಿಲ್ಲ, ಅಗೆದರೆ ಜಾಗ ಗೊತ್ತಾಗುತ್ತದೆ. ಕಲ್ಲಿಂದ ಕಲ್ಲಿಗೆ ಗೊಬ್ಬರದ ಗಿಡದ ಕಡ್ಡಿ, ಹೆಬ್ಬೆರಳಿಗಿಂತ ದಪ್ಪ, ನಾಲ್ಕಡಿ ಉದ್ದ, ಮೂರಡಿಗೊಂದು. ಚೌಕಾಕಾರದ ಐದು ಎಕರೆಗೆ ಸುತ್ತಳತೆ ಸುಮಾರು 1,867 ಅಡಿ, 620 ಕಡ್ಡಿ ಸಾಕು. ಮಳೆ ಹಿಡಿದ ಮೇಲೆ ನೆಡಿ. ಬೇಸಿಗೆಯಲ್ಲಿ ನೆಟ್ಟ ಕಡ್ಡಿ ಒಣಗುತ್ತದೆ.

ಇನ್ನು ನೀರು. ಬೋರ್‌ವೆಲ್ಲಿಗೆ ಸಾಲ ಮಾಡಿದವರ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. ನೀರು ಬೀಳುವವರೆಗೆ ಕೊಳವೆಬಾವಿ ಆಸ್ತಿಯಲ್ಲ, ಜೂಜು. ಬಿದ್ದ ಮಳೆ ಮಾತ್ರ ನಮ್ಮದು. ನಾನು ತೋಡಿಸಿದ ಕೃಷಿ ಹೊಂಡದ ಅಳತೆ: ಮೇಲೆ 21×21 ಮೀಟರ್, ಆಳ 3 ಮೀಟರ್, ಇಳಿಜಾರು 1:1, ಅಂದರೆ ತಳ 15×15. ಹಿಡಿಯುವುದು 981 ಘನ ಮೀಟರ್, ಹತ್ತಿರ ಹತ್ತಿರ 9.8 ಲಕ್ಷ ಲೀಟರ್. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಪ್ಲಾಸ್ಟಿಕ್ ಶೀಟ್ ಇಲ್ಲದೆ ನೀರು ನಿಲ್ಲದು. 500 ಮೈಕ್ರಾನ್ ಶೀಟ್, ಇಳಿಜಾರಿನ ಉದ್ದ 4.24 ಮೀಟರ್ ಎರಡೂ ಕಡೆ, ಅಂಚಿನಲ್ಲಿ ಹೂಳಲು ಒಂದೊಂದು ಮೀಟರ್ ಸೇರಿ 25.5×25.5 ಮೀಟರ್, 650 ಚದರ ಮೀಟರ್ ಬೇಕು. 21×21 ಅಂತ ಹೇಳಿ 441 ಚದರ ಮೀಟರ್ ತರಿಸಿದರೆ ಶೀಟ್ ದಡ ಮುಟ್ಟುವುದಿಲ್ಲ.

ಹೊಂಡ ತುಂಬದಿರುವುದಕ್ಕೆ ಕಾರಣ ಮಳೆ ಒಂದೇ ಅಲ್ಲ. ಒಂದು ಎಕರೆ 4,047 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಬಿದ್ದರೆ 2,023 ಘನ ಮೀಟರ್. ಅದರಲ್ಲಿ ಹೊಲದ ಮೇಲೆ ಹರಿದು ಬರುವುದು ಶೇ 15ರಿಂದ 20 ಅಂದರೂ 300ರಿಂದ 400. ಅಂದರೆ ಈ ಅಳತೆಯ ಹೊಂಡ ಒಂದು ಸಲ ತುಂಬಲು ಮೂರು ಎಕರೆಯ ಹರಿವು ಬೇಕು. ಎರಡು ಎಕರೆಯವರು 15×15 ಮೀಟರಿಗೆ ನಿಲ್ಲಿಸುವುದು ಒಳ್ಳೆಯದು. ನೀರು ಒಳಬರುವ ಬಾಯಿಗೆ ಮೊದಲು 2×2×1 ಮೀಟರಿನ ಹೂಳು ಗುಂಡಿ, ಅಲ್ಲಿಂದ ಪೈಪ್, ಪೈಪ್ ಬಾಯಿಯ ಕೆಳಗೆ ಶೀಟ್ ಮೇಲೆ ಹಳೆ ಗೋಣಿಚೀಲದ ಹಾಸು. ಗುಂಡಿ ಇಲ್ಲದ ಹೊಂಡ ನಾಲ್ಕು ಮುಂಗಾರಿನಲ್ಲಿ ಹೂಳಿನ ತಟ್ಟೆ ಆಗುತ್ತದೆ. ಶೀಟ್ ಹಾಸುವ ಮೊದಲು ಕೈಯಿಂದ ತಳ ಸವರಿ ಚೂಪು ಕಲ್ಲು, ಬೇರು ತೆಗೆದು ಎರಡಿಂಚು ಜರಡಿ ಮಣ್ಣು ಹಾಕಿ. ಬೇಸಿಗೆಯಲ್ಲಿ ತಳದಲ್ಲಿ ಒಂದಡಿ ನೀರು ಉಳಿಸಿ, ಪೂರ್ತಿ ಖಾಲಿಯಾದರೆ ಗಾಳಿಗೆ ಶೀಟ್ ಎದ್ದು ಹರಿಯುತ್ತದೆ. ಆವಿಯಾಗಿ ಹೋಗುವುದು ದಿನಕ್ಕೆ 5 ಮಿ.ಮೀ. ಅಂದರೂ 2,200 ಲೀಟರ್. ಹಾಗಾಗಿ ನೀರನ್ನು ಬಚ್ಚಿಟ್ಟು ಕೂರಬಾರದು: ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವ 40ರಿಂದ 70 ದಿನದೊಳಗೆ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ನಲ್ಲಿ 50 ಮಿ.ಮೀ. ಕೊಡಿ. ಎಕರೆಗೆ 2 ಲಕ್ಷ ಲೀಟರ್, ಮೂರು ಎಕರೆಗೆ 6 ಲಕ್ಷ. ಸುತ್ತ ತಂತಿ ಬೇಲಿ, ನಾಲ್ಕು ಮೂಲೆಯಿಂದ ಗಂಟು ಹಾಕಿದ ಹಗ್ಗ ನೀರಿನೊಳಗೆ ಇಳಿಬಿಟ್ಟಿರಬೇಕು. ಶೀಟ್ ಜಾರುತ್ತದೆ, ಬಿದ್ದ ಮಗು ಹತ್ತಲಾರದು. ಈ ಒಂದು ವಿಚಾರದಲ್ಲಿ ಖರ್ಚು ಉಳಿಸಬೇಡಿ.

ಬೀಜ ಸ್ವಂತದ್ದು. ಶೇಂಗಾ ಕಾಯಿಯಾಗಿಯೇ ಇಡಬೇಕು, ಬೀಜ ಸುಲಿದು ಇಟ್ಟರೆ ಮೊಳಕೆ ಹೋಗುತ್ತದೆ. ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿರಬೇಕು, ತೇವ ಶೇ 8ರ ಒಳಗೆ. ಎಕರೆಗೆ ಹೂ ಬಿಡುವಾಗ 200 ಕೆ.ಜಿ. ಜಿಪ್ಸಂ.

ಕುರಿ ನಮ್ಮ ಕಡೆಯ ಬ್ಯಾಂಕು. 20 ಕುರಿಗೆ ಒಂದು ಟಗರು, ಗರ್ಭ ಐದು ತಿಂಗಳು. ಮುಂಗಾರಿಗೆ ಮೊದಲೇ ಕರುಳುಬೇನೆ ಲಸಿಕೆ ಹಾಕಿಸದಿದ್ದರೆ ಹೊಸ ಹುಲ್ಲು ತಿಂದ ಕೊಬ್ಬಿದ ಮರಿಗಳೇ ಮೊದಲು ಸಾಯುತ್ತವೆ. ದುಡ್ಡು ಬೇಕಾದ ದಿನ ಎರಡು ಟಗರು ಮಾರಿದರೆ ಕೈಸಾಲಕ್ಕೆ ಹೋಗಬೇಕಿಲ್ಲ.

ಸಾಲವೇ ಬೇಡ ಅನ್ನುತ್ತಿಲ್ಲ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಇದೆ. ಅದು ಬೆಳೆಗೆ ಮಾತ್ರ, ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ. ಗಡುವಿಗೆ 15 ದಿನ ಮೊದಲೇ ಕಟ್ಟುತ್ತೇನೆ. ಮದುವೆಗೆ, ಬೈಕಿಗೆ ಆ ಹಣ ಮುಟ್ಟುವುದಿಲ್ಲ. ಸರ್ಕಾರದಿಂದ ಮನೆಗೆ ಬರುವ ಹಣಕ್ಕೂ ಇದೇ ಶಿಸ್ತು. ಗೃಹಲಕ್ಷ್ಮಿಯ 2,000 ರೂಪಾಯಿ ದಿನಸಿಗೆ ಹೋದರೆ ಯೋಜನೆ ನಿಂತ ದಿನ ಒಲೆಯೂ ನಿಲ್ಲುತ್ತದೆ. ಅಂಚೆ ಕಚೇರಿಯ ಆರ್‌ಡಿಗೆ ಹಾಕಿದರೆ ಶೇ 6.7ರ ದರದಲ್ಲಿ ಐದು ವರ್ಷಕ್ಕೆ ಸುಮಾರು 1.43 ಲಕ್ಷ. ಅದು ಮನೆಯೊಡತಿಯ ಹೆಸರಿನ ಹಣ, ಅದರಲ್ಲಿ ಕೊಂಡ ಕುರಿಯೂ ಅವರದೇ.

ಕೊನೆಗೆ ಉಯಿಲು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಇಬ್ಬರು ಸಾಕ್ಷಿಗಳು ನಿಮ್ಮ ಕಣ್ಣೆದುರೇ ಸಹಿ ಹಾಕಬೇಕು, ಆಸ್ತಿ ಪಡೆಯುವವರು ಸಾಕ್ಷಿ ಆಗಬಾರದು, ಇಬ್ಬರೂ ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು ಅಂತ ಸರ್ವೆ ನಂಬರ್ ಸಮೇತ ಬೇರೆ ಬೇರೆ ಬರೆಸಿ, ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನಷ್ಟೇ ನೀವು ಕೊಡಬಲ್ಲಿರಿ. ಕ್ರಯಪತ್ರ, ಎಂ.ಆರ್. ನಕಲುಗಳು, ಹದ್ದುಬಸ್ತು ನಕ್ಷೆ, ಉಯಿಲಿನ ಪ್ರತಿ ಒಂದೇ ಟ್ರಂಕಿನಲ್ಲಿ ಇರಲಿ, ಬೀಗದ ಕೈ ಎಲ್ಲಿದೆ ಅಂತ ಹೆಂಡತಿಗೂ ದೊಡ್ಡ ಮಗಳಿಗೂ ಗೊತ್ತಿರಲಿ.