ನಾಲ್ಕು ಸ್ವರ ಹಿಡಿದು ನಡೆಸಿದ ಕಛೇರಿ

ಬರೋಕ್ ಪಿಟೀಲು, ಅಂದರೆ 17–18ನೇ ಶತಮಾನದ ಯುರೋಪಿನ ಶೈಲಿಯ, ಕರುಳಿನ ತಂತಿಯ ಪಿಟೀಲು; ವೇದಿಕೆಯಲ್ಲೇ ಕಂಪ್ಯೂಟರ್ ಹೊಮ್ಮಿಸುವ ಲೈವ್ ಎಲೆಕ್ಟ್ರಾನಿಕ್ಸ್; ಪರದೆಯ ಮೇಲೆ ದೃಶ್ಯ. ಮೂರನ್ನೂ ಒಂದೇ ವೇದಿಕೆಗೆ ತಂದರೆ ಪಿಟೀಲು ಮುಳುಗಿಹೋಗುತ್ತದೆ ಎಂದು ಬಲ್ಲವರೆಲ್ಲ ಹೇಳಿದ್ದರು. ಈಗ ಅವರೇ ನನ್ನ ಪ್ಯಾಚ್, ಅಂದರೆ ಆ ನಾದವನ್ನು ನಡೆಸುವ ಪ್ರೋಗ್ರಾಂ, ಕೊಡಿ ಎಂದು ಕೇಳುತ್ತಿದ್ದಾರೆ.

ಆರಿಸಿಕೊಂಡ ಕೃತಿ 1676ರ ಸುಮಾರಿನ, ಬರೋಕ್ ಸಂಗೀತಕಾರ ಬೀಬರನ ಒಂಟಿ ಪಿಟೀಲಿನ ಪಸಕಾಲಿಯಾ. ಜಿ, ಎಫ್, ಇ ಫ್ಲ್ಯಾಟ್, ಡಿ ಎಂದು ಇಳಿಯುವ ನಾಲ್ಕು ಸ್ವರಗಳು 65 ಬಾರಿ ಮರಳಿ ಬರುತ್ತವೆ. ಕಂಪ್ಯೂಟರಿಗೆ ದಾರಿ ತಪ್ಪದಂತೆ ನೋಡಿಕೊಳ್ಳಲು ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಸಿಕ್ಕಿಲ್ಲ.

ಪಿಟೀಲನ್ನೂ ಕಂಪ್ಯೂಟರನ್ನೂ ಜೊತೆಗೂಡಿಸಲು ಮೊದಲು ವಾದಕಿಯ ಕಿವಿಗೆ ಕ್ಲಿಕ್ ಟ್ರ್ಯಾಕ್, ಅಂದರೆ ಲಯ ತೋರಿಸುವ ಟಿಕ್ ಟಿಕ್ ಸದ್ದು, ಕೊಟ್ಟೆವು. ನುಡಿಸಾಣಿಕೆಯ ಉಸಿರೇ ನಿಂತಿತು. ಆಮೇಲೆ ಸ್ವರಲಿಪಿಯನ್ನು ತಾನೇ ಹಿಂಬಾಲಿಸುವ ತಂತ್ರಾಂಶ. ಟ್ರಿಲ್, ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು, ಬಂದಾಗಲೆಲ್ಲ ಅದು ಗಲಿಬಿಲಿಗೊಂಡು ಮುಂದಕ್ಕೆ ಹಾರುತ್ತಿತ್ತು, ದೃಶ್ಯವೂ ಅದರ ಹಿಂದೆಯೇ. ಕೊನೆಗೆ ಉಳಿದದ್ದು ಕಾಲಿನ ಪೆಡಲ್. ಎಲ್ಲ ಆವರ್ತಕ್ಕೂ ಅಲ್ಲ, ಇಪ್ಪತ್ತರಷ್ಟು ಕಡೆ ಮಾತ್ರ ಆಕೆ ಒತ್ತುತ್ತಾಳೆ. ಒತ್ತಿದ ಮೇಲೂ ಕಮಾನು ತಂತಿಗೆ ತಾಗುವವರೆಗೆ ಯಂತ್ರ ಕಾಯುತ್ತದೆ. ಕಛೇರಿಗೆ ಜೀವ ಬಂದದ್ದೇ ಈ ಕಾಯುವಿಕೆಯಿಂದ.

ಶ್ರುತಿಯದು ದೊಡ್ಡ ತಲೆನೋವು. ಸಿಂಥ್ (ಎಲೆಕ್ಟ್ರಾನಿಕ್ ನಾದ ಹೊಮ್ಮಿಸುವ ಸಿಂಥಸೈಜರ್) ಅನ್ನು ಇಂದಿನ ಶ್ರುತಿಯಾದ 440 ಹರ್ಟ್ಸ್‌ನಿಂದ ಬರೋಕ್ ವಾದ್ಯಗಳ 415ಕ್ಕೆ ಇಳಿಸಿದರೆ ಮುಗಿಯಿತು ಎಂದುಕೊಳ್ಳುವವರು ಕರುಳಿನ ತಂತಿಯನ್ನು ದೀಪಗಳ ಕೆಳಗೆ ಕೇಳಿಲ್ಲ. ಅರ್ಧ ದಾರಿಯಲ್ಲಿ ಹತ್ತು ಸೆಂಟ್‌ನಷ್ಟು, ಅಂದರೆ ಅರ್ಧಸ್ವರದ ಹತ್ತನೇ ಒಂದು ಭಾಗದಷ್ಟು, ಸರಿದಿರುತ್ತದೆ; ತಂಬೂರಿಯಂತೆ ಹಿಡಿದಿಟ್ಟ ಎಲೆಕ್ಟ್ರಾನಿಕ್ ನಾದವಾದ ಡ್ರೋನ್ ಜೊತೆ ಕಿರಿಕಿರಿ ಶುರು. ನನ್ನ ಡ್ರೋನ್ ಈಗ ತಂತಿಯ ಜೊತೆಗೇ ಸರಿಯುತ್ತದೆ. ಹೇಗೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ಇನ್ನೂ ಕೆಲವು ಕಛೇರಿ ಬಾಕಿ ಇವೆ.

ದುಡ್ಡಿನ ಅರ್ಧಕ್ಕಿಂತ ಹೆಚ್ಚು ನುಂಗಿದ್ದು ಪ್ರೊಜೆಕ್ಟರ್. ಅಗ್ಗದ್ದನ್ನು ತಂದರೆ ಅದರ ಫ್ಯಾನ್ ಸದ್ದು ಪಿಟೀಲಿನ ಮೆಲುದನಿಗಿಂತ ಜೋರು. ದುಬಾರಿ ಲೆನ್ಸ್ ಬಾಡಿಗೆಗೆ ಪಡೆದು ಪ್ರೊಜೆಕ್ಟರನ್ನು ಸಭಾಂಗಣದ ಹಿಂಬದಿಯ ಗಾಜಿನ ಕೋಣೆಗೆ ಅಟ್ಟಿದೆವು. ಆ ಖರ್ಚನ್ನು ಸರಿದೂಗಿಸಲು ಸಭಾಂಗಣದ ದೊಡ್ಡ ಸ್ಪೀಕರ್‌ಗಳನ್ನೇ ಕೈಬಿಟ್ಟು, ವಾದಕಿಯ ಬೆನ್ನ ಹಿಂದೆ ಮೊಣಕಾಲೆತ್ತರದಲ್ಲಿ ಎರಡು ಪುಟ್ಟ ಸ್ಪೀಕರ್ ಇಟ್ಟೆ. ಇಡೀ ಪ್ರಯೋಗದಲ್ಲಿ ನನ್ನ ಅತ್ಯುತ್ತಮ ನಿರ್ಧಾರ ಅದು. ಎಲೆಕ್ಟ್ರಾನಿಕ್ ನಾದ ಪಿಟೀಲಿನ ಮರದಿಂದಲೇ ಹೊಮ್ಮಿದಂತೆ ಕೇಳಿಸಿತು, ಮುಳುಗುವ ಮಾತೇ ಬರಲಿಲ್ಲ.

ನಡುವೆ ಇನ್ನೊಂದು ಗೀಳು: ತಂತಿಯನ್ನು ತೀರಾ ಹತ್ತಿರದಿಂದ ಚಿತ್ರಿಸಿ ಪರದೆಗೆ ಹಾಕುವುದು. ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಕಂಪಿಸುವ ತಂತಿ ಅಲೆಅಲೆಯಾಗಿ ಕಾಣುತ್ತದೆ. ಅದ್ಭುತ ದೃಶ್ಯ! ಆದರೆ ಜನ ನೋಡುವುದರಲ್ಲೇ ಮುಳುಗಿ ಕೇಳುವುದನ್ನು ಬಿಟ್ಟರು. ಅದಕ್ಕೇ ಒಂದೇ ಭಾಗಕ್ಕೆ ಇಟ್ಟುಕೊಂಡು, ಕೊನೆಯ ಆವರ್ತಗಳಿಗೆ ಪರದೆಯನ್ನು ಪೂರ್ತಿ ಕಪ್ಪಾಗಿಸಿದೆ.

ಈಗ ಹಾರ್ಪ್ಸಿಕಾರ್ಡ್ ಮೇಲೆ, ಅಂದರೆ ಕೀಲಿ ಒತ್ತಿದರೆ ತಂತಿ ಮೀಟುವ ಬರೋಕ್ ಕಾಲದ ವಾದ್ಯದ ಮೇಲೆ, ಇದೇ ಕೆಲಸ ನಡೆದಿದೆ. ಧ್ವನಿಫಲಕಕ್ಕೆ ಅಂಟಿಸಿದ ಮೈಕಿನಲ್ಲಿ ತಂತಿಗಿಂತ ಅದನ್ನು ಮೀಟುವ ಮರದ ಪಟ್ಟಿಗಳಾದ ಜ್ಯಾಕ್‌ಗಳ ಕಟಕಟ ಸದ್ದೇ ಮುಂದಾಗುತ್ತಿದೆ. ಅದನ್ನು ಸೋಸಿ ತೆಗೆಯುವ ಬದಲು ತಾಳವಾದ್ಯದಂತೆ ಬಳಸುವುದು ನನ್ನ ಯೋಜನೆ.